ಜುಜೆ ಮಿಸ್ತ್ರಿಯ ಕಿವಿ

ದಾಂಡೇಲಿಯಿಂದ ಜೋಯಿಡಾದ ಕಡೆ ಹೊರಟರೆ, ಊರು ಮುಗಿಯಿತು ಅನ್ನುವಲ್ಲಿ ಒಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡು ಇಲ್ಲ. ಮರಕ್ಕೆ ಒಂದು ಹಳೆ ಟೈರು ನೇತುಹಾಕಿದ್ದಾರೆ, ಅದೇ ಬೋರ್ಡು. ಕಾಡಿನೊಳಗೆ ಜೀಪು ಓಡಿಸಿ ಹೊಟ್ಟೆ ಹೊರೆಯುವ ನಮ್ಮಂಥವರೆಲ್ಲ ಒಂದಲ್ಲ ಒಂದು ದಿನ ಅಲ್ಲಿ ಕೈಕಟ್ಟಿ ನಿಂತವರೇ. ಅದು ಜುಜೆ ಸಿದ್ದಿಯ ಶೆಡ್ಡು. ಎಲ್ಲರ ಬಾಯಲ್ಲಿ ಅವನು ಜುಜೆ ಮಿಸ್ತ್ರಿ.

ಜುಜೆಯ ಕೆಲಸ ಹವಾದ್ದು. ಪಂಕ್ಚರ್ ತೆಗೆಯುವುದರಿಂದ ಶುರು ಮಾಡಿದವನು ಈಗ ಜೀಪಿನೊಳಗೇ ಹವಾ ತುಂಬುವ ಯಂತ್ರ ಕೂಡಿಸಿಕೊಡುತ್ತಾನೆ. ಡಾಂಬರಿನ ಮೇಲಷ್ಟೇ ಗಾಡಿ ಓಡಿಸುವವರಿಗೆ ಇದರ ಕಷ್ಟ ಗೊತ್ತಿರುವುದಿಲ್ಲ. ಕೆಸರಿನಲ್ಲಿ ಗಟ್ಟಿ ಟೈರು ಜಾರುತ್ತದೆ, ಹೂತುಕೊಳ್ಳುತ್ತದೆ. ಅದಕ್ಕೇ ಡಾಂಬರು ಮುಗಿಯುವಲ್ಲಿ ನಿಂತು ನಾಲ್ಕೂ ಟೈರಿನ ಹವಾ ಅರ್ಧಕ್ಕೆ ಇಳಿಸಬೇಕು. ಟೈರು ಮೆತ್ತಗಾಗಿ, ಅಗಲವಾಗಿ ನೆಲ ಹಿಡಿಯುತ್ತದೆ. ವಾಪಸು ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಲೇಬೇಕು. ಇಲ್ಲದಿದ್ದರೆ ಓಟದ ಬಿಸಿಗೆ ಪಕ್ಕದ ರಬ್ಬರು ಬೆಂದು ಸಿಡಿಯುತ್ತದೆ. ಆ ಕಾಡಿನ ಬಾಯಲ್ಲಿ ಹವಾ ತುಂಬಲು ಯಾರ ಅಂಗಡಿ ಇದೆ? ಅದಕ್ಕೆ ಜೀಪಿನಲ್ಲೇ ಎಲ್ಲ ಇರಬೇಕು. ಎಂಜಿನ್ನಿನ ಪಕ್ಕ ಸಣ್ಣ ಕಂಪ್ರೆಸರು, ಹಿಂದಿನ ಸೀಟಿನ ಕೆಳಗೆ ಹವಾದ ಟಾಕಿ, ಎರಡರ ನಡುವೆ ಪೈಪು. ಟಾಕಿಯಲ್ಲಿ ಎಷ್ಟು ಹವಾ ಇದೆ ಎಂದು ತೋರಿಸಲು ಚಾಲಕನ ಕಣ್ಣೆದುರು ದುಂಡನೆಯ ಒಂದು ಮೀಟರು.

ಇದನ್ನೆಲ್ಲ ಕೂಡಿಸುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ನಾವು ಜುಜೆಯ ಬಳಿಗೇ ಹೋಗುತ್ತಿದ್ದದ್ದು ಅವನ ಕಿವಿಗಾಗಿ. ಉಳಿದವರು ಪ್ರತಿ ಜೋಡಣೆಗೂ ಸೋಪಿನ ನೀರು ಸುರಿದು, ಗುಳ್ಳೆ ಏಳುತ್ತದೋ ನೋಡುತ್ತಾರೆ. ಕಣ್ಣಿಗೆ ಬೀಳುವ ಜಾಗಕ್ಕೆ ಅದು ಸರಿ. ಟಾಕಿಯ ಮೇಲ್ಗಡೆ, ಚಾಸಿಯ ಹಿಂದೆ, ಕೈಯೂ ಹೋಗದ ಸಂದಿಯಲ್ಲಿ ಸೋರಿದರೆ ಗುಳ್ಳೆ ನೋಡುವವರ್ಯಾರು? ಜುಜೆ ಎಂಜಿನ್ನು ನಿಲ್ಲಿಸಿ ಅನ್ನುತ್ತಿದ್ದ, ಮಂಡಿಯೂರಿ ಟಾಕಿಗೆ ಕಿವಿ ಹಚ್ಚುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಆಮೇಲೆ ಎದ್ದು ನೇರವಾಗಿ ಸೋರುವ ಜೋಡಣೆಗೇ ಪಾನಾ ಹಾಕಿ ನಟ್ಟು ಬಿಗಿಯುತ್ತಿದ್ದ. ಟೈರಿನ ಹವಾವನ್ನೂ ಅಷ್ಟೇ, ಮತ್ತಿಮರದ ಒಂದು ಕೋಲಿನಿಂದ ಬಡಿದು, ಬಂದ ಸದ್ದಿನ ಮೇಲೆ ಎಷ್ಟು ಪೌಂಡು ಇದೆ ಎಂದು ಹೇಳುತ್ತಿದ್ದ. ಮೀಟರು ಹಚ್ಚಿ ನೋಡಿದರೆ ಒಂದೆರಡು ಪೌಂಡು ಆಚೀಚೆ, ಅಷ್ಟೇ.

ಅವನ ಮನೆ ಹಳಿಯಾಳದ ಕಡೆಯ ಒಂದು ಹಳ್ಳಿ. ದಿನಾ ಬಸ್ಸಿನಲ್ಲಿ ಬರುತ್ತಾನೆ, ದಿನಾ ಬಸ್ಸಿನಲ್ಲಿ ಹೋಗುತ್ತಾನೆ, ಎರಡೂ ಹೊತ್ತು ಸೀಟು ಸಿಗುವುದಿಲ್ಲ. ರೆಸಾರ್ಟಿಗೆ ಬರುವ ಪ್ರವಾಸಿಗರು ಅವನ ಗುಂಗುರು ಕೂದಲು ನೋಡಿ, ಆಫ್ರಿಕಾದವನಿರಬೇಕೆಂದು, ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. "ಹಳಿಯಾಳ ತಾಲೂಕರಿ" ಅನ್ನುತ್ತಾನೆ ಜುಜೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವನಿಗೆ ಉರಿಯುವುದಿಲ್ಲ. ಸಿಟ್ಟು ಮಾಡಲೂ ಮೈಯಲ್ಲಿ ತ್ರಾಣ ಉಳಿದಿರಬೇಕಲ್ಲ.

ನನ್ನ ತ್ರಾಣದ ಲೆಕ್ಕವೂ ಅಷ್ಟರಲ್ಲೇ ಇದೆ. ನಾನು ರುದ್ರೇಶ, ಮುಂಡಗೋಡದ ಚಿಗಳ್ಳಿಯವನು. ಸ್ಟೇರಿಂಗು ಹಿಡಿದು ದಾಂಡೇಲಿಗೆ ಬಂದವನು ಇಲ್ಲಿಯೇ ಬೇರು ಬಿಟ್ಟೆ. ಹೆಂಡತಿ ದ್ರಾಕ್ಷಾಯಣಿ, ಅವ್ವ ಕಾಶೆವ್ವ, ಮತ್ತು ಎಂಜಿನ್ನು ಶುರುವಾದರೆ ಓಣಿಯೆಲ್ಲ ಎದ್ದು ಕೂರುವ ಒಂದು ಹಳೆ ಜೀಪು, ಇಷ್ಟೇ ನನ್ನ ಸಂಸಾರ. ಪ್ರವಾಸಿಗರಿದ್ದಾಗ ಪ್ರವಾಸಿಗರು, ಇಲ್ಲದಾಗ ಕಾಡಿನೊಳಗಿನ ವಾಡೆಗಳ, ಆ ನಾಲ್ಕಾರು ಮನೆಯ ಹಳ್ಳಿಗಳ ಜನ, ಅವರ ಅಕ್ಕಿಚೀಲ, ಅವರ ರೋಗಿಗಳು. ಬೆನ್ನು ಹೋಗಿದೆ, ಮಂಡಿ ಹೋಗಿದೆ. ಕಾಡೂ ಮೊದಲಿನ ಕಾಡಲ್ಲ. ಮೊದಲು ಕ್ಯಾಸಲ್‌ರಾಕ್‌ನ ಕಡೆ ಹೋದರೆ ಜೀರುಂಡೆಗಳ ಚೀರಾಟಕ್ಕೆ ತಲೆ ಸಿಡಿಯುತ್ತಿತ್ತು. ಈಗ ಅವೂ ಸತ್ತುಹೋದಂತಿವೆ. ಇಷ್ಟು ಹೊಗೆ ಉಗುಳಿದರೆ ಹುಳುವಾದರೂ ಯಾಕೆ ಬದುಕಬೇಕು ಎಂದು ನನ್ನ ಜೀಪನ್ನೇ ಬೈದುಕೊಳ್ಳುತ್ತೇನೆ. ಮನೆಗೆ ಬಂದರೆ ಫೋನು ಎಷ್ಟು ಬಡಕೊಂಡರೂ ಎತ್ತುವುದಿಲ್ಲ ಅಂತ ದ್ರಾಕ್ಷಾಯಣಿಯ ಜಗಳ. ದಣಿದವನಿಗೆ ಮನೆಯಲ್ಲಿಯೂ ಪುರಸತ್ತಿಲ್ಲ.

ಸಚಿನನ ಕೆಲಸ ನನಗೆ ಬಂದದ್ದು ಹಿಂದಿನ ಮಳೆಗಾಲಕ್ಕೂ ಮೊದಲು. ಜೋಯಿಡಾದ ಒಳಗಿನ ಒಂದು ವಾಡೆಯ ರೈತ, ಮೂವತ್ತು ದಾಟಿದವನು, ಎರಡೂ ಕಿಡ್ನಿ ಹೋಗಿವೆ. ವಾರಕ್ಕೆರಡು ಸಲ ಧಾರವಾಡದಲ್ಲಿ ಅವನ ರಕ್ತ ಸೋಸಬೇಕು. ಒಂದು ಸಲ ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟುತ್ತದೆ. ಅವನ ವಾಡೆಗೂ ಡಾಂಬರಿಗೂ ನಡುವೆ ಒಂದು ಹಳ್ಳ, ಹಳ್ಳದ ಆಚೀಚೆ ಮೊಣಕಾಲುದ್ದ ಕೆಸರು. ಮಳೆಗಾಲದಲ್ಲಿ ಅಲ್ಲಿಗೆ ಇಳಿಯುವ ಜೀಪು ನನ್ನದೊಂದೇ. ಅದಕ್ಕಾಗಿಯೇ ಜುಜೆಯ ಕೈಯಿಂದ ಹವಾದ ಯಂತ್ರ ಕೂಡಿಸಿಕೊಂಡೆ. ಕೂಡಿಸುವಾಗ ಅವನಿಗೆ ಸಚಿನನ ಕತೆ ಹೇಳಿದ್ದೆ.

"ಇದು ಕೈ ಕೊಟ್ರ ಅವನ ಜೀವಕ್ಕ ಬರ್ತೈತಿ, ಮಿಸ್ತ್ರಿ."

"ನನ್ನ ಕಿವಿ ಇರೂತನಕ ಕೈ ಕೊಡಂಗಿಲ್ಲ, ರುದ್ರಣ್ಣ" ಅಂದಿದ್ದ ಜುಜೆ.

ಮಳೆಗಾಲವಿಡೀ ಕೈ ಕೊಡಲಿಲ್ಲ. ಕೈ ಕೊಟ್ಟದ್ದು ದಸರೆಯಲ್ಲಿ, ಖಂಡೆಪೂಜೆಯ ಮರುದಿನ.

ಖಂಡೆಪೂಜೆಗೆ ನಮ್ಮ ಮನೆಯಲ್ಲಿ ಕುಡುಗೋಲಿನಿಂದ ಹಿಡಿದು ಜೀಪಿನವರೆಗೆ ಎಲ್ಲಕ್ಕೂ ಪೂಜೆ. ಮಾಡುವವಳು ಅವ್ವ. ಜೀಪು ತೊಳೆಸಿ, ಚೆಂಡುಹೂವಿನ ಮಾಲೆ ಹಾಕಿಸಿ, ವಿಭೂತಿ ಉಂಡೆಯನ್ನು ನೀರಲ್ಲಿ ತೇಯ್ದುಕೊಂಡು ಬಂದಳು. ಗಾಲಿಗೆ ಹಚ್ಚಿದಳು, ಬಾನೆಟ್ಟಿಗೆ ಹಚ್ಚಿದಳು, ಸ್ಟೇರಿಂಗಿಗೆ ಹಚ್ಚಿದಳು. ಕೊನೆಗೆ ಹವಾದ ಮೀಟರು ಅವಳ ಕಣ್ಣಿಗೆ ಬಿತ್ತು.

"ಇದು ಹೊಸಾದಲ್ಲ? ದುಂಡ ಮಾರಿ ಐತಿ. ಮಾರಿ ಇದ್ದದ್ದಕ್ಕ ಹಣಿನೂ ಇರ್ತೈತಿ" ಎಂದವಳೇ ಗಾಜಿನ ತುಂಬ ಮೂರು ಬೆರಳಿನ ಗೆರೆ ಎಳೆದು, ನಡುವೆ ಕುಂಕುಮ ಇಟ್ಟಳು.

ಹಚ್ಚಿದ ವಿಭೂತಿಯನ್ನು ಕೈಯಿಂದ ಒರೆಸಬಾರದು, ತಾನಾಗಿ ಉದುರಬೇಕು. ಇದು ಅವ್ವನ ಕಾನೂನು. ಗೇರು ಬದಲಿಸುವ ಕೋಲಿನ ವಿಭೂತಿ ಎರಡು ದಿನಕ್ಕೆ ಹೋಗುತ್ತದೆ, ಕೈ ಆಡುವ ಜಾಗ ಅದು. ಮೀಟರಿನ ಗಾಜನ್ನು ಯಾರು ಮುಟ್ಟುತ್ತಾರೆ? ದಪ್ಪಗೆ ಒಣಗಿ ಕೂತಿತು. ಒಳಗಿನ ಮುಳ್ಳು ಎಲ್ಲಿದೆಯೋ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸಚಿನನನ್ನು ಕರೆತರಲು ಹೊರಟಾಗ ಕಂಪ್ರೆಸರು ತಾನೇ ಶುರುವಾಗುವುದು, ನಿಲ್ಲುವುದು, ಮತ್ತೆ ಶುರುವಾಗುವುದು ಮಾಡಹತ್ತಿತು. ಟಾಕಿಯಲ್ಲಿ ಹವಾ ಕಡಿಮೆಯಾದಾಗ ಮಾತ್ರ ಅದು ಹಾಗೆ ಮಾಡುತ್ತದೆ. ಜುಜೆಯ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅವನು ಬಂದು ಮೊದಲು ಮೀಟರು ನೋಡಿದ. ಒರೆಸಲೆಂದು ಎತ್ತಿದ ಕೈ ನಡುವೆಯೇ ನಿಂತಿತು.

"ಅವ್ವಾರು ಹಚ್ಯಾರೇನ್ರಿ?"

"ಹೂಂ. ಇರ್ಲಿ ಬಿಡು, ಉದುರ್ತೈತಿ. ನಿನ್ನ ಕಿವಿ ಐತೆಲ್ಲ."

ಜುಜೆ ಮತ್ತೊಮ್ಮೆ ಮೀಟರಿನ ಕಡೆ ನೋಡಿದ. ಆಮೇಲೆ ಎಂಜಿನ್ನು ನಿಲ್ಲಿಸಲು ಹೇಳಿ, ಮಾಲೆ ಸರಿಸಿ, ಮಂಡಿಯೂರಿ ಕಿವಿ ಹಚ್ಚಿದ. ಕಣ್ಣು ಮುಚ್ಚಿದ. ನಾನು ಅವನ ಪಕ್ಕದಲ್ಲೇ ಬಗ್ಗಿ ನಿಂತಿದ್ದೆ.

"ಸೋಪಿನ ನೀರ ಹಾಕೂಣೇನ್ರಿ?" ಎಂದು ಕೇಳಿದ. ಅವನ ಬಾಯಲ್ಲಿ ಸೋಪಿನ ನೀರಿನ ಮಾತು ನಾನು ಕೇಳಿದ್ದು ಅದೇ ಮೊದಲು.

"ಪೂಜಿ ಮಾಡಿದ ಗಾಡಿಗೆ ಸೋಪಿನ ನೀರ? ಅವ್ವ ನನ್ನ ಮನಿಯೊಳಗ ಕರಕೊಳ್ಳಂಗಿಲ್ಲ" ಎಂದು ನಕ್ಕೆ.

ಅವನು ನಗಲಿಲ್ಲ. ಮತ್ತೊಮ್ಮೆ ಕಿವಿ ಹಚ್ಚಿ ಎದ್ದ. "ಸೋರಂಗಿಲ್ಲ. ತೊಳದಾಗ ಸ್ವಿಚ್ಚಿಗೆ ನೀರ ಹೋಗಿರಬೇಕು, ಒಣಗಿದ್ರ ಸರಿ ಹೋಗ್ತೈತಿ. ಹೋಗ್ರಿ" ಅಂದ.

ಜುಜೆ ಸೋರುವುದಿಲ್ಲ ಅಂದ ಮೇಲೆ ಮುಗಿಯಿತು. ಡಾಂಬರು ಮುಗಿಯುವಲ್ಲಿ ಹವಾ ಬಿಟ್ಟೆ, ಕೆಸರು ದಾಟಿದೆ, ಸಚಿನನನ್ನು ಕೂರಿಸಿಕೊಂಡು ವಾಪಸು ಡಾಂಬರಿಗೆ ಹತ್ತಿದೆ. ಅವನ ಕಾಲುಗಳು ಆಗಲೇ ಬಾತುಕೊಂಡಿದ್ದವು, ಚಪ್ಪಲಿ ಕೈಯಲ್ಲಿ ಹಿಡಿದಿದ್ದ. ಪೈಪು ಟೈರಿಗೆ ಹಚ್ಚಿ ಕವಾಟ ತಿರುಗಿಸಿದೆ. ಟಾಕಿಯಿಂದ ಏನೂ ಬರಲಿಲ್ಲ. ಕಂಪ್ರೆಸರಿನ ಗುಂಡಿ ಒತ್ತಿದೆ. ಅದೂ ಏಳಲಿಲ್ಲ. ಬಾನೆಟ್ಟು ಎತ್ತಿದರೆ ಸುಟ್ಟ ವಾಸನೆ. ಇಡೀ ದಾರಿ ಸೋರುವ ಟಾಕಿ ತುಂಬಿ ತುಂಬಿ ಮೋಟರು ಸುಟ್ಟುಹೋಗಿತ್ತು. ಆಗ ಅವ್ವನ ಕಾನೂನು ಬದಿಗಿಟ್ಟು ಹೆಬ್ಬೆರಳಿನಿಂದ ವಿಭೂತಿ ಒರೆಸಿದೆ. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಕಾಲಿನಿಂದ ಒತ್ತಿ ಹವಾ ತುಂಬುವ ಹಳೆ ಪಂಪು ಮನೆಯಲ್ಲಿತ್ತು. ಯಂತ್ರ ಬಂದ ಮೇಲೆ ಅದರ ಹಂಗು ಯಾಕೆಂದು ಇಳಿಸಿಟ್ಟಿದ್ದೆ. ಫೋನಿಗೆ ಸಿಗ್ನಲ್ಲು ಇಲ್ಲ, ರಸ್ತೆಯಲ್ಲಿ ಬೇರೆ ಗಾಡಿ ಇಲ್ಲ. ನಾಲ್ಕು ಮೆತ್ತನೆ ಟೈರಿನ ಮೇಲೆ ಎತ್ತಿನಗಾಡಿಯಂತೆ ಜೋಯಿಡಾದ ಕಡೆ ಸಾಗಿದೆ. ತಿರುವು ಬಂದಾಗಲೆಲ್ಲ ಜೀಪು ಒಂದು ಕಡೆ ವಾಲಿ ನರಳುತ್ತಿತ್ತು. ನನ್ನ ಬಾಯಿಂದ ಬೈಗುಳ ಬಿಟ್ಟು ಬೇರೆ ಮಾತಿಲ್ಲ.

"ಇರ್ಲಿ ಭಾವ್. ಹಳೂ ಹೋಗೂಣು" ಎಂದು ತನ್ನ ಕೊಂಕಣಿ ಬೆರೆಸಿ ಸಚಿನನೇ ನನಗೆ ಸಮಾಧಾನ ಹೇಳಿದ. ಅದನ್ನು ಹೇಳಲೂ ಅವನು ನಡುವೆ ಉಸಿರು ತೆಗೆದುಕೊಳ್ಳಬೇಕಾಯಿತು.

ಜೋಯಿಡಾದಲ್ಲಿ ಹವಾ ತುಂಬಿಸಿ ಧಾರವಾಡ ಮುಟ್ಟುವಷ್ಟರಲ್ಲಿ ಅವನ ಪಾಳಿ ತಪ್ಪಿ, ರಕ್ತ ಸೋಸುವ ಯಂತ್ರ ಬೇರೆಯವರಿಗೆ ಹೋಗಿತ್ತು. ನಾಳೆ ಬೆಳಿಗ್ಗೆಯೇ ಅಂದರು. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಸಚಿನ ಬೆಳತನಕ ಬೆಂಚಿನ ಮೇಲೆ ಕೂತೇ ಇದ್ದ. ನಾನೂ ಕೂತಿದ್ದೆ. ಅವನು ಉಳಿದ.

ವಾಪಸು ಬಂದವನು ಸೀದಾ ಶೆಡ್ಡಿಗೆ ನುಗ್ಗಿದೆ. ಬಾಯಿಗೆ ಬಂದಂತೆ ಬೈದೆ. ಇಷ್ಟು ವರ್ಷದ ಗೆಳೆತನ, ವಯಸ್ಸಿನಲ್ಲಿ ಹಿರಿಯ ಅನ್ನುವ ಮರ್ಯಾದೆ, ಯಾವುದನ್ನೂ ನೋಡಲಿಲ್ಲ. ಜುಜೆ ತಡೆಯಲಿಲ್ಲ. ನನ್ನ ಉಸಿರು ಮುಗಿಯುವ ತನಕ ಕಾದು, ಬೋರಲು ಹಾಕಿದ ಒಂದು ರಿಮ್ಮಿನ ಮೇಲೆ ಕೂತ.

"ನನಗ ಸಣ್ಣ ಸದ್ದ ಕೇಳ್ಸಂಗಿಲ್ಲ, ರುದ್ರಣ್ಣ."

"ಏನಂದಿ?"

"ದಪ್ಪ ದನಿ ಕೇಳ್ತೈತಿ. ಕೋಲಿಲೆ ಟೈರ್ ಬಡದ್ರ ಕೇಳ್ತೈತಿ, ನೀವ ಬೈದದ್ದ ಎಲ್ಲಾ ಕೇಳ್ತು. ಹವಾ ಸೋರೂದ ಕೇಳ್ಸಂಗಿಲ್ಲ. ಹೋದ ವರ್ಷದಿಂದ ಕಡಿಮಿ ಆಗಾಕತ್ತಿತ್ತು. ಈಗ ಏನೂ ಇಲ್ಲ." ಶೆಡ್ಡಿನ ಮೂಲೆಯ ದೊಡ್ಡ ಕಂಪ್ರೆಸರಿನ ಕಡೆ ಗದ್ದ ತೋರಿಸಿದ. "ಅದರ ಬಾಜೂಕ ಇಡೀ ಜನ್ಮ ನಿಂತೇನಿ. ಅದ ತಿಂತು."

"ಡಾಕ್ಟರ್‌ಗೆ ತೋರ್ಸಿಯೇನು?"

"ತೋರ್ಸೇನಿ. ಸದ್ದಿನಿಂದ ದೂರ ಇರು ಅಂದ್ರು. ದೂರ ಇದ್ರ ಉಣ್ಣೂದೇನು? ಕಿವಿಗೆ ಮಶೀನ್ ಹಾಕ್ಕೋ ಅಂದ್ರು. ಮಶೀನ್ ಹಾಕ್ಕೊಂಡ ಮಿಸ್ತ್ರಿ ಹಂತೇಕ ಯಾರ ಬರ್ತಾರ?"

"ಕೇಳ್ಸದಿದ್ರ ಕಿವಿ ಯಾಕ ಹಚ್ತಿ?"

"ಹಚ್ಚದಿದ್ರ ಮಂದಿ ಬರಂಗಿಲ್ಲ. ಅವರು ಗಾಡಿ ಇಲ್ಲೇ ಬಿಟ್ಟ ಚಾ ಕುಡ್ಯಾಕ ಹೋದ ಮ್ಯಾಲ ಒಬ್ಬಾಂವ ಸೋಪಿನ ನೀರ ಹಾಕಿ, ಮೀಟರ್ ನೋಡಿ ತಗೀತಿದ್ದೆ. ಅವತ್ತ ಎರಡೂ ಇರಲಿಲ್ಲ." ಅವನು ಕೈಯಲ್ಲಿದ್ದ ಪಾನಾವನ್ನು ಕೆಳಗಿಟ್ಟ. "ನಿಮಗ ಹೇಳಬೇಕಿತ್ತು. ಬಾಯಿ ಬರಲಿಲ್ಲ. ನೀವ ಬ್ಯಾರೆ ಮಿಸ್ತ್ರಿ ನೋಡ್ಕೊಳ್ರಿ."

ಬೈಯಲು ಇನ್ನೂ ಬೇಕಾದಷ್ಟಿತ್ತು. ಆದರೆ ಈ ಶೆಡ್ಡು ನಿಂತಿರುವುದೇ ಅವನ ಕಿವಿಯ ಮೇಲೆ. ಆ ಕಿವಿ ಹೋಯಿತು ಅಂತ ಒಬ್ಬ ಚಾಲಕನಿಗೆ ಗೊತ್ತಾದರೆ ಸಂಜೆಯೊಳಗೆ ಹಳಿಯಾಳದ ತನಕ ಗೊತ್ತಾಗುತ್ತದೆ. ಆಮೇಲೆ ಜುಜೆ ಮರಕ್ಕೆ ಕಟ್ಟಿದ ಟೈರು ಬಿಚ್ಚಿಕೊಂಡು ಮನೆಗೆ ಹೋಗಬೇಕಷ್ಟೇ. ಈ ವಯಸ್ಸಿಗೆ ಬೇರೆ ಕಸುಬು ಕಲಿಯುತ್ತಾನೆಯೇ? ಸಿಟ್ಟು ಇಳಿಯಲಿಲ್ಲ, ಅದರ ಜೊತೆಗೆ ಮರುಕವೂ ಬಂದು ಕೂತಿತು. ಎರಡನ್ನೂ ಒಟ್ಟಿಗೆ ಹೊರುವುದು ಒಂದನ್ನು ಹೊರುವುದಕ್ಕಿಂತ ಕಷ್ಟ.

ನಮ್ಮ ಮಾತಿನ ನಡುವೆ ಅವನ ಹೆಂಡತಿ ತುಳಸಾ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ. ಗದ್ದೆ ಕೆಲಸ ಇಲ್ಲದ ದಿನ ಅವಳು ಬುತ್ತಿ ತರುತ್ತಾಳೆ. ಬುತ್ತಿ ಕೆಳಗಿಟ್ಟು ಅವನಿಗೇ ಜೋರು ಮಾಡಿದಳು.

"ಕೋಳಿಮರಿ ಚೀಂವ್ ಅಂದ್ರ ಕೇಳ್ಸಂಗಿಲ್ಲ ಈ ಮನಷ್ಯಾಗ. ನನ್ನ ಮುಂದೂ ಹೇಳಿಲ್ಲ. ನನಗ ಗೊತ್ತಿಲ್ಲಂತ ತಿಳಕೊಂಡಾನು!" ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಾ, ನಾಳಿಂದ ನಾ ಬಂದ ಇಲ್ಲಿ ಕುಂದರ್ತೇನಿ. ನನ್ನ ಕಿವಿ ಚಲೋ ಅದಾವು. ಮಂದಿಗೆ ಮಾತ್ರ ಹೇಳಬ್ಯಾಡ್ರಿ."

"ನಿನ್ನ ಗದ್ದಿ ಕೆಲಸ, ತುಳಸಕ್ಕ?"

"ಅಲ್ಲಿ ಬಗ್ಗಿದ್ರೂ ದಣಿಯೂದ, ಇಲ್ಲಿ ಕುಂತ್ರೂ ದಣಿಯೂದ. ಇಲ್ಲಿ ನೆಳ್ಳರ ಐತಿ."

ಅವಳು ಕಿವಿಗೊಟ್ಟು ಕೇಳದೆ ಒಂದು ಗಾಡಿಯೂ ಶೆಡ್ಡು ಬಿಟ್ಟು ಹೋಗಬಾರದು ಎಂದು ನಾನು ಗದರಿಸಿ ಒಪ್ಪಿದೆ. ಜುಜೆ ಬುತ್ತಿ ಬಿಚ್ಚಿದ.

ಅಂದಿನಿಂದ ಆ ಶೆಡ್ಡಿನಲ್ಲಿ ನಡೆಯುವ ನಾಟಕ ನೋಡಬೇಕು. ತುಳಸಕ್ಕ ಒಂದು ಮೊರದಲ್ಲಿ ಅಕ್ಕಿ ಹಿಡಿದು ಕಂಬಕ್ಕೆ ಒರಗಿ ಕೂರುತ್ತಾಳೆ, ಕಲ್ಲು ಆರಿಸುತ್ತಾಳೆ. ಜುಜೆ ಮೊದಲಿನಂತೆ ಎಂಜಿನ್ನು ನಿಲ್ಲಿಸಿ ಅನ್ನುತ್ತಾನೆ, ಮಂಡಿಯೂರುತ್ತಾನೆ, ಕಿವಿ ಹಚ್ಚುತ್ತಾನೆ. ಆದರೆ ಒಂದು ಕಣ್ಣು ತೆರೆದಿರುತ್ತದೆ. ಸೋರುತ್ತಿದ್ದರೆ ತುಳಸಕ್ಕ ಮೊರವನ್ನು ಒಮ್ಮೆ ಕೊಡವುತ್ತಾಳೆ. ಎಡಗಡೆಯಾದರೆ ಎಡಕ್ಕೆ, ಬಲಗಡೆಯಾದರೆ ಬಲಕ್ಕೆ. ಜುಜೆ ಎದ್ದು ಆ ಕಡೆ ಪಾನಾ ಹಾಕುತ್ತಾನೆ. "ಏನ ಕಿವಿ ಮಾರಾಯಾ!" ಎಂದು ಚಾಲಕರು ಬಾಯಿ ತೆರೆಯುತ್ತಾರೆ. ಆ ಅಕ್ಕಿಯಲ್ಲಿ ಕಲ್ಲು ಮುಗಿದು ಎಷ್ಟೋ ಕಾಲವಾಯಿತು. ಅದೇ ಅಕ್ಕಿ, ಅದೇ ಮೊರ. ನನ್ನ ಮೀಟರಿಗೆ ದೀಪಾವಳಿಯ ಪೂಜೆಯಿಂದ ಈಚೆಗೆ ಅವ್ವ ಗಾಜು ಬಿಟ್ಟು ಸುತ್ತಲಿನ ಬಳೆಗೆ ವಿಭೂತಿ ಹಚ್ಚುತ್ತಾಳೆ, ಹಣೆ ಸ್ವಲ್ಪ ಮೇಲೆ ಸರಿಯಿತು ಎಂದು ಸಮಾಧಾನ ಮಾಡಿಕೊಂಡಿದ್ದಾಳೆ. ಸಚಿನನ ಪಾಳಿ ಮತ್ತೆ ತಪ್ಪಿಲ್ಲ.

ಗುಟ್ಟು ಕಾಯುವುದೂ ದಣಿವಿನ ಕೆಲಸ. ಚಾಲಕರ ನಡುವೆ ಕೂತಾಗ ಜುಜೆಯ ಕಿವಿಯನ್ನು ಹೊಗಳುವವರಿಗೆ ನಾನೂ ತಲೆಯಾಡಿಸಬೇಕು. ಒಳಗೊಳಗೆ, ಪಾಪದ ಕಿವುಡ ಎಂದುಕೊಳ್ಳುತ್ತಿದ್ದೆ. ಕಿವುಡನ ಮಾನ ನನ್ನ ಬಾಯಲ್ಲಿದೆ ಎಂಬ ಸಣ್ಣ ಜಂಬವೂ ಇತ್ತು ಅನ್ನಿ.

ಈ ಸಲ ಮಳೆ ಹಿಡಿಯುವ ಮುಂಚೆ ಪೈಪಿನ ಜೋಡಣೆಗಳನ್ನೆಲ್ಲ ಹೊಸದಾಗಿ ಮಾಡಿಸಲು ಹೋಗಿದ್ದೆ. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ಗಾಡಿಯಿಲ್ಲ, ಗಾಳಿಯೂ ಇಲ್ಲ. ಜುಜೆ ಜೋಡಣೆಗಳಿಗೆ ಬಿಳಿ ಟೇಪು ಸುತ್ತಿ ಬಿಗಿದ, ಟಾಕಿ ತುಂಬಿಸಿದ, ಎಂಜಿನ್ನು ನಿಲ್ಲಿಸಿದ. ಮಂಡಿಯೂರಿ ಕಂಬದ ಕಡೆ ನೋಡಿದ. ಮೊರ ಇತ್ತು, ತುಳಸಕ್ಕ ಇರಲಿಲ್ಲ. ಕೊಡ ಹಿಡಿದು ರಸ್ತೆಯಾಚೆಯ ಬೋರಿಗೆ ಹೋಗಿದ್ದಳು.

"ರುದ್ರಣ್ಣ, ನೀವ ಒಂದ ಸಲ ಕೇಳ್ರಿ" ಅಂದ ಜುಜೆ.

ಅದಕ್ಕೇನು ಎಂದು ಮಂಡಿಯೂರಿದೆ. ಅವನಂತೆಯೇ ಟಾಕಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದೆ. ತಗಡು ತಣ್ಣಗಿತ್ತು. ಒಂದು ಸದ್ದಿಲ್ಲ.

"ಏನೂ ಇಲ್ಲ, ಮಿಸ್ತ್ರಿ. ಪಕ್ಕಾ ಕುಂತೈತಿ" ಎಂದು ದೊಡ್ಡ ದನಿಯಲ್ಲಿಯೇ ಹೇಳಿದೆ. ಜುಜೆ ಪಾನಾಗಳನ್ನು ಪೆಟ್ಟಿಗೆಗೆ ಹಾಕತೊಡಗಿದ.

ತುಳಸಕ್ಕ ಸೊಂಟದ ಮೇಲೆ ಕೊಡ ಹೊತ್ತು ರಸ್ತೆ ದಾಟಿ ಬಂದಳು. ಶೆಡ್ಡಿನ ನೆರಳಿಗೆ ಕಾಲಿಡುವ ಮೊದಲೇ ನಿಂತಳು.

"ಅಲ್ಲರಿ, ಇಬ್ಬರೂ ಅದನ್ನ ಮುಂದ ಇಟ್ಕೊಂಡ ಕುಂತೀರಿ. ಇಲ್ಲೀತನಕ ಕೇಳಾಕತ್ತೈತಿ, ಸುಯ್ಯಂತ ಸೋರಾಕತ್ತೈತಿ!"

ಮತ್ತೆ ಬಗ್ಗಿದೆ. ಒಂದು ಕಿವಿ ಹಚ್ಚಿದೆ, ಇನ್ನೊಂದು ಹಚ್ಚಿದೆ. ಉಸಿರು ಬಿಗಿಹಿಡಿದೆ. ನನ್ನ ಎದೆ ಬಡಿಯುವುದೊಂದೇ ಕೇಳಿಸಿತು. ಜುಜೆ ಡಬ್ಬಿಯಲ್ಲಿದ್ದ ಸೋಪಿನ ನೀರು ತಂದು ಅವಳು ತೋರಿಸಿದ ಬಲಗಡೆಯ ಜೋಡಣೆಗೆ ಸುರಿದ. ಗುಳ್ಳೆಗಳು ಒಂದರ ಹಿಂದೊಂದು ಎದ್ದವು, ಉಬ್ಬಿದವು, ಒಡೆದವು. ಒಂದಕ್ಕೂ ಸದ್ದಿರಲಿಲ್ಲ. ಕ್ಯಾಸಲ್‌ರಾಕ್‌ನ ಜೀರುಂಡೆಗಳು ನೆನಪಾದವು. ಅವು ಸತ್ತಿರಲಿಕ್ಕಿಲ್ಲ.

ತುಳಸಕ್ಕ ಕೊಡ ಇಳಿಸಿ ಮೊರ ಎತ್ತಿಕೊಂಡಳು. ಜುಜೆ ಇನ್ನೊಂದು ರಿಮ್ಮು ಎಳೆದು ತಂದು ತನ್ನದರ ಪಕ್ಕ ಬೋರಲು ಹಾಕಿದ. ಕೂತೆ. ಇಬ್ಬರೂ ಗುಳ್ಳೆ ನೋಡುತ್ತಿದ್ದೆವು.

"ನಾ ಯಾರ ಮುಂದೂ ಹೇಳಂಗಿಲ್ಲ, ರುದ್ರಣ್ಣ" ಅಂದ ಜುಜೆ.